ಬಾಕ್ಸ್ ಹಿಲ್ಲಿನ ನಾರಾ

ಗೈಡುಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹತ್ತೊಂಬತ್ತು ವರ್ಷ ಮೆಲ್ಬರ್ನಿನಲ್ಲಿ ಟೂರಿಸ್ಟ್ ಬಸ್ಸು ಓಡಿಸಿದವನು ನಾನು. ಅದಕ್ಕೂ ಮೊದಲು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಿನ ಡ್ರೈವರು. ನನ್ನ ಪಕ್ಕದ ಸೀಟಿನಲ್ಲಿ ಮೈಕು ಹಿಡಿದು ಕುಳಿತವರು ನೂರಾರು ಮಂದಿ. ಸಮುದ್ರ ಕಣ್ಣೆದುರೇ ಬಿದ್ದುಕೊಂಡಿರುವಾಗ ‘ನಿಮ್ಮ ಎಡಕ್ಕೆ ಸಮುದ್ರ’ ಎನ್ನುವವರು. ಹಿಂದಿನ ಸೀಟಿನ ಮುದುಕ ಮೂತ್ರ ತಡೆಯಲಾರದೆ ಒದ್ದಾಡುತ್ತಿರುವಾಗ ಬಂಡೆಗೆ ಎಷ್ಟು ಕೋಟಿ ವರ್ಷ ಎಂದು ಕೊರೆಯುವವರು. ಹಾಗಾಗಿ, ನಮ್ಮ ಕೃಪಾ ತಾನು ಟೂರ್ ಗೈಡ್ ಆಗುತ್ತೇನೆ ಎಂದ ದಿನ, ನಿನಗೆ ಬೇರೆ ಕೆಲಸ ಸಿಗಲಿಲ್ಲವಾ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದೆ.

‘ನಮ್ಮ ಕೃಪಾ’ ಎಂದರೆ ಸಂಬಂಧಿಕಳೇನಲ್ಲ. ಮೆಲ್ಬರ್ನಿನ ಬಾಕ್ಸ್ ಹಿಲ್ ಬಡಾವಣೆಯ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ರೆಂಟಿಗೆ ಇದ್ದವಳು. ಅರಸೀಕೆರೆಯ ಹುಡುಗಿ, ಟೂರಿಸಂ ಓದಲು ಬಂದಿದ್ದಳು. ಸಂಜೆ ಹೊತ್ತು ಇಲ್ಲಿನ ಒಂದು ಜಪಾನೀ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಆಮೇಲೆ ಆರ್ಡರು ತೆಗೆದುಕೊಳ್ಳುವ ಮಟ್ಟಕ್ಕೆ ಏರಿದಳು. ಅಲ್ಲಿನ ಹಳೇ ಅಡುಗೆಯವನು ನಾರಾ ಎಂಬ ಊರಿನವನು. ಒಂದು ಕಾಲದಲ್ಲಿ ಜಪಾನಿಗೇ ರಾಜಧಾನಿಯಾಗಿದ್ದ ಊರಂತೆ. ಈಗ ದೇವಸ್ಥಾನಗಳು, ದೊಡ್ಡ ಬುದ್ಧ, ಬೀದಿಯಲ್ಲಿ ಹೆದರಿಕೆಯಿಲ್ಲದೆ ಅಡ್ಡಾಡುವ ಜಿಂಕೆಗಳು. ಅವನು ಈರುಳ್ಳಿ ಹೆಚ್ಚುತ್ತಾ ಊರಿನ ಕಥೆ ಹೇಳುವುದು, ಇವಳು ತಟ್ಟೆ ಒರೆಸುತ್ತಾ ಕೇಳುವುದು. ಹೀಗೆ ಮೂರು ವರ್ಷದಲ್ಲಿ ಅವಳಿಗೆ ಜಪಾನೀ ಭಾಷೆಯೂ ಬಂತು, ನಾರಾದ ಹುಚ್ಚೂ ಹಿಡಿಯಿತು.

2006ರ ಮೇ ತಿಂಗಳು. ಅವಳ ವೀಸಾ ಜೂನ್ ಕೊನೆಗೆ ಮುಗಿಯುವುದಿತ್ತು. ಅಷ್ಟರಲ್ಲಿ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಆಫೀಸು ಇಟ್ಟಿದ್ದ ಬದರಿನಾಥ ಎಂಬವರ ಟ್ರಾವೆಲ್ ಕಂಪನಿ, ನಮ್ಮವರನ್ನು ಜಪಾನಿಗೆ ಕರೆದುಕೊಂಡು ಹೋಗಲು ಕನ್ನಡ, ಹಿಂದಿ, ಜಪಾನೀ ಮೂರೂ ಬಲ್ಲ ಗೈಡ್ ಬೇಕು ಎಂದು ಜಾಹೀರಾತು ಹಾಕಿತು. ಸಿಕ್ಕಿದರೆ ಅವರೇ ಸ್ಪಾನ್ಸರ್ ಮಾಡುತ್ತಾರೆ, ಮುಂದೆ ಇಲ್ಲೇ ಕಾಯಂ ನೆಲೆಸುವ ಪಿಆರ್‌ಗೂ ದಾರಿ. ಸಿಗದಿದ್ದರೆ ಜುಲೈ ಒಂದಕ್ಕೆ ಅರಸೀಕೆರೆ. ಅಲ್ಲಿ ಹೋದರೆ ಉಪವಾಸ ಬೀಳುವವಳಲ್ಲ, ಅಪ್ಪನ ಔಷಧಿ ಅಂಗಡಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಆ ಹುಡುಗಿಗೆ ಬೇಕಾದದ್ದು ಇದೊಂದೇ ಕೆಲಸ. ಮೂರು ವರ್ಷ ಕಿವಿಯಲ್ಲಿ ಮಾತ್ರ ಕೇಳಿದ ಊರನ್ನು ಕಣ್ಣಲ್ಲಿ ನೋಡಬೇಕು, ನಾಲ್ಕು ಜನರಿಗೆ ತೋರಿಸಬೇಕು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಆದರೆ ಆ ತಿಂಗಳು ಅನ್ನ ಸರಿಯಾಗಿ ಉಣ್ಣುತ್ತಿರಲಿಲ್ಲ ಎಂದು ನನ್ನ ಹೆಂಡತಿ ಸುಗುಣಾ ಪೇಚಾಡುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು, ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ನೋಡುವುದು ಅವಳಿಗೆ ಅಭ್ಯಾಸ. ಆಸ್ಟ್ರೇಲಿಯಕ್ಕೆ ಕೆಲಸ ಸಿಕ್ಕಿ ಬಂದದ್ದೂ ಅವಳೇ. ನಾನು ಅವಳ ಲಗೇಜಿನ ಜೊತೆ ಬಂದವನು.

ಇಂಟರ್‌ವ್ಯೂ ಎಂದರೆ ಬರೀ ಪ್ರಶ್ನೋತ್ತರ ಅಲ್ಲ. ಸಿಡ್ನಿಯ ಒಂದು ಜಪಾನೀ ತೋಟದಲ್ಲಿ, ಟೂರಿಗೆ ಬುಕ್ ಮಾಡಿದ ನಾಲ್ಕೈದು ಜನರನ್ನೇ ಮುಂದಿಟ್ಟುಕೊಂಡು, ‘ನಾರಾದಲ್ಲಿ ಒಂದು ದಿನ’ ಮಾಡಿ ತೋರಿಸಬೇಕು. ಕೃಪಾ ಒಂದು ರಾತ್ರಿ ಊಟದ ಮೇಜಿನ ಬಳಿ ನಿಂತು ನಮಗೆ ಮಾಡಿ ತೋರಿಸಿದಳು. ಬುದ್ಧ ಹದಿನೈದು ಮೀಟರ್, ಕಿವಿ ಎರಡೂವರೆ ಮೀಟರ್, ಇಸವಿ ಏಳುನೂರ ಐವತ್ತೆರಡು, ತಾಮ್ರ ಇಷ್ಟು ಟನ್ನು, ತವರ ಇಷ್ಟು ಟನ್ನು. ಸುಗುಣಾ ತಲೆದೂಗುತ್ತಾ ತೂಕಡಿಸಿದಳು. ನನಗೆ ರೇಗಿಹೋಯಿತು.

“ಎಂತ ಮಾರಾಯ್ತಿ ಇದು? ನೀನು ಜನರನ್ನು ಕರ್ಕೊಂಡು ಹೋಗುವುದಾ, ಬುದ್ಧನನ್ನು ಗುಜರಿಗೆ ಹಾಕುವುದಾ?” ಎಂದೆ.

ಪಾಪ, ಮುಖ ಇಷ್ಟೇ ಇಷ್ಟಾಯಿತು. ಮರುದಿನ ಬೆಳಿಗ್ಗೆ ನಾನೇ ಹೋಗಿ ಅವಳ ಬಾಗಿಲು ತಟ್ಟಿ, ನಡಿ, ಪಾರ್ಕಿನಲ್ಲಿ ಪ್ರಾಕ್ಟೀಸ್ ಮಾಡುವ ಎಂದೆ. ಗೈಡುಗಳ ಮೇಲೆ ನನಗಿರುವ ಸಿಟ್ಟೆಲ್ಲ ಈಗಲಾದರೂ ಒಂದು ಉಪಯೋಗಕ್ಕೆ ಬರಲಿ ಎಂದುಕೊಂಡೆ.

ಟೂರಿಸ್ಟುಗಳು ಬೇಕಲ್ಲ? ಪಕ್ಕದ ಯೂನಿಟ್ಟಿನ ಇಂದ್ರೇಶನ ಅಪ್ಪ ಅಮ್ಮ ತಿಪಟೂರಿನಿಂದ ಆರು ತಿಂಗಳಿಗೆ ಬಂದಿದ್ದರು. ಶ್ರೀಕಂಠಯ್ಯನವರು ರಿಟೈರ್ಡ್ ಹಿಸ್ಟರಿ ಮೇಷ್ಟ್ರು. ಜಲಜಮ್ಮ ಮಗನ ಮನೆಯ ಕಾರ್ಪೆಟ್ಟಿನ ಮೇಲೆ ರಂಗೋಲಿ ಹಾಕುವ ಹಾಗಿಲ್ಲವಲ್ಲ ಎಂದು ಬೇಸತ್ತಿದ್ದವರು. ಇಬ್ಬರೂ ಸಂತೋಷದಿಂದ ಬಂದರು. ಬಾಕ್ಸ್ ಹಿಲ್ ಸ್ಟೇಷನ್ನೇ ನಾರಾ ಸ್ಟೇಷನ್, ಅದರ ಹಿಂದಿನ ತೋಟವೇ ಜಿಂಕೆ ವನ, ಮಕ್ಕಳ ಜಾರುಬಂಡೆಯೇ ಮಹಾದ್ವಾರ, ಟಾಯ್ಲೆಟ್ ಬ್ಲಾಕಿನ ಆಚೆಗಿದ್ದ ದೊಡ್ಡ ಯೂಕಲಿಪ್ಟಸ್ ಮರವೇ ಬುದ್ಧ ಎಂದು ತೀರ್ಮಾನವಾಯಿತು. ವಾಕಿಂಗಿಗೆ ಬಂದ ಚೀನೀ ಅಜ್ಜಂದಿರು ನಾವು ಮರಕ್ಕೆ ಕೈ ಮುಗಿಯುವುದನ್ನು ನಿಂತು ನೋಡುತ್ತಿದ್ದರು.

ಮೊದಲ ದಿನವೇ ಪಂಚಾಯಿತಿಯಾಯಿತು. ನಾರಾದಲ್ಲಿ ಜಿಂಕೆಗಳಿಗೆ ಹಾಕುವುದಕ್ಕೆಂದೇ ಒಂದು ಬಗೆಯ ಬಿಸ್ಕತ್ತು ಮಾರುತ್ತಾರಂತೆ. ಕೃಪಾ ಅದರ ಬದಲು ಗ್ಲೂಕೋಸ್ ಬಿಸ್ಕತ್ತು ತಂದು ಎಲ್ಲರ ಕೈಗೂ ಎರಡೆರಡು ಕೊಟ್ಟಳು. ಇಲ್ಲಿನ ಜಿಂಕೆಗಳು ದೇವರ ದೂತರು, ದೇವರೇ ಬಿಳಿ ಜಿಂಕೆಯ ಮೇಲೆ ಕೂತು ಈ ಊರಿಗೆ ಬಂದ ಎಂದು ಭಕ್ತಿಯಿಂದ ವಿವರಿಸಿದಳು. ತಿರುಗಿ ನೋಡಿದರೆ ಜಲಜಮ್ಮ ಬಿಸ್ಕತ್ತನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮುರಿದು, ಗಂಡನ ಕೈಗೆ ಅರ್ಧ ಹಾಕಿ, ಉಳಿದದ್ದನ್ನು ಬಾಯಿಗೆ ಹಾಕಿಕೊಂಡಾಗಿತ್ತು. ಸುಗುಣಾ ಕೂಡ ಅಗಿಯುತ್ತಿದ್ದಳು. ಮೇಷ್ಟ್ರು ಚೂರೂ ನೆಲಕ್ಕೆ ಬೀಳದ ಹಾಗೆ ಅಂಗೈ ನೆಕ್ಕುತ್ತಿದ್ದರು.

“ಆಂಟಿ, ಅದು ಜಿಂಕೆದು,” ಎಂದಳು ಕೃಪಾ, ಅಳುವ ದನಿಯಲ್ಲಿ.

“ದೇವಸ್ಥಾನದ ಮುಂದೆ ಕೈಗೆ ಕೊಟ್ಟಿದ್ದು ಪ್ರಸಾದ ಅಲ್ವೇನಮ್ಮ?” ಎಂದರು ಜಲಜಮ್ಮ. ಅವರಿಗೆ ಇದರಲ್ಲಿ ಅನುಮಾನಪಡುವಂಥದ್ದು ಏನಿದೆ ಎಂದೇ ತಿಳಿಯಲಿಲ್ಲ.

ನಾನು ನಕ್ಕು ನಕ್ಕು ಬೆಂಚಿನ ಮೇಲೆ ಕುಳಿತೆ. ಆಮೇಲೆ ಕೃಪಾಳನ್ನು ಪಕ್ಕಕ್ಕೆ ಕರೆದು ಹೇಳಿದೆ: ಬಸ್ಸಿನಲ್ಲಿ ಇಪ್ಪತ್ತು ಜನ ಕನ್ನಡದವರು ಇದ್ದರೆ ಹತ್ತೊಂಬತ್ತು ಜನ ಇದನ್ನೇ ಮಾಡುತ್ತಾರೆ, ಬರೆದಿಟ್ಟುಕೋ. ನಿನ್ನ ಪುಸ್ತಕದಲ್ಲಿ ತವರ ಎಷ್ಟು ಟನ್ನು ಎಂದು ಉಂಟು, ಜಲಜಮ್ಮ ಎಂತ ಮಾಡುತ್ತಾರೆ ಎಂದು ಇಲ್ಲ. ನೀನು ಊರನ್ನು ನೋಡುವುದಲ್ಲ, ಇವರನ್ನು ನೋಡಬೇಕು. ಬಸ್ಸು ಇಳಿದ ಕೂಡಲೇ ಟಾಯ್ಲೆಟ್ ಎಲ್ಲಿ ಎಂದು ತೋರಿಸು, ಎಷ್ಟು ಗಂಟೆಗೆ ವಾಪಸ್ ಸೇರಬೇಕು ಎಂದು ಹೇಳು, ಬುದ್ಧ ಎಲ್ಲಿಗೂ ಓಡಿಹೋಗುವುದಿಲ್ಲ. ಅವಳು ಜೇಬಿನಿಂದ ಚೀಟಿ ತೆಗೆದು ಬರೆದೇ ಬರೆದುಕೊಂಡಳು.

ಮೂರು ವಾರ ಹೀಗೇ ನಡೆಯಿತು. ವಾರಕ್ಕೆ ಮೂರು ಸಲ ನಾವು ಬಾಕ್ಸ್ ಹಿಲ್ಲಿನಲ್ಲಿ ನಾರಾ ನೋಡಿ ಬರುತ್ತಿದ್ದೆವು. ಕುಂಚದಲ್ಲಿ ಕಣ್ಣು ಬರೆದು ಬುದ್ಧನ ಕಣ್ಣು ತೆರೆಸಿದ್ದು ಇಂಡಿಯಾದಿಂದ ಹೋಗಿದ್ದ ಬೋಧಿಸೇನ ಎಂಬ ಸನ್ಯಾಸಿ. ಅವನ ಕೈಯ ಕುಂಚಕ್ಕೆ ಉದ್ದದ ದಾರಗಳನ್ನು ಕಟ್ಟಿ, ನೆರೆದ ಜನರೆಲ್ಲ ಅದನ್ನು ಹಿಡಿದುಕೊಂಡು ನಿಂತಿದ್ದರು ಎಂದು ಅವಳು ಹೇಳಿದ ದಿನ ಮೇಷ್ಟ್ರು ಕೂಡ ಅಡ್ಡ ಬಾಯಿ ಹಾಕಲಿಲ್ಲ. ಟನ್ನುಗಳು ಒಂದೊಂದಾಗಿ ಉದುರಿ ಹೋದವು. ಹುಡುಗಿ ಪಳಗಿದಳು. ನನಗೆ ಒಳಗೊಳಗೇ ಹೆಮ್ಮೆ, ಆದರೆ ತೋರಿಸಿಕೊಳ್ಳಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆ ಮೂರು ವಾರದ ನಡುವೆ ಒಂದು ದಿನ ಬದರಿನಾಥರು ಮನೆಗೆ ಫೋನ್ ಮಾಡಿದರು. ಅರ್ಜಿಯಲ್ಲಿ ರೆಫರೆನ್ಸ್ ಎಂದು ಕೃಪಾ ನನ್ನ ಹೆಸರು ಕೊಟ್ಟಿದ್ದಳು. ಅರ್ಜಿ ಹಾಕಿದವರು ಬಹಳ, ಇಬ್ಬರನ್ನು ಮಾತ್ರ ಕರೆಯುತ್ತೇನೆ ಎಂದರು. ಒಬ್ಬ ನಾಲ್ಕು ಸಲ ಜಪಾನಿಗೆ ಹೋಗಿ ಬಂದವನಂತೆ. ಆಮೇಲೆ ಕೇಳಿದರು: ಈ ಹುಡುಗಿ ನಾರಾ ನೋಡಿದ್ದಾಳಾ? ನಾನು, ಎಷ್ಟೋ ಸಲ ಎಂದೆ.

ಮನಸ್ಸಿನಲ್ಲಿ ಒಂದು ಸಮಾಧಾನ ಮಾಡಿಕೊಂಡೆ: ಸುಳ್ಳಲ್ಲವಲ್ಲ, ನಿನ್ನೆಯಷ್ಟೇ ಜಾರುಬಂಡೆಯ ಕೆಳಗೆ ನುಸುಳಿ ನಾರಾ ನೋಡಿ ಬಂದೆವಲ್ಲ ಎಂದು. ಆದರೆ ಸುಳ್ಳು ಸುಳ್ಳೇ. ಕೃಪಾಳಿಗೆ ಹೇಳಲಿಲ್ಲ. ಸುಗುಣಾಳಿಗೂ ಹೇಳಲಿಲ್ಲ, ಹೇಳಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದಳು. ಎರಡು ದಿನದಲ್ಲಿ ಇಂಟರ್‌ವ್ಯೂಗೆ ಕರೆ ಬಂತು, ಮನೆಯಲ್ಲಿ ಪಾಯಸ ಆಯಿತು. ನಾನು ಎರಡು ಲೋಟ ಕುಡಿದೆ, ರುಚಿ ಮಾತ್ರ ಹತ್ತಲಿಲ್ಲ.

ಸಿಡ್ನಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮಗ ಪ್ರತೀಕನ ಮನೆಯಲ್ಲಿ ಉಳಿದು, ಶನಿವಾರ ಬೆಳಿಗ್ಗೆ ಹತ್ತಕ್ಕೆ ತೋಟದ ಬಾಗಿಲಲ್ಲಿ ಇದ್ದೆವು. ಅವಳಿಗಿಂತ ಮೊದಲಿನವನು ತನ್ನ ಪಾಳಿ ಮುಗಿಸಿ ನಗುನಗುತ್ತಾ ಹೊರಗೆ ಬರುತ್ತಿದ್ದ. ಬದರಿನಾಥರು ಐವತ್ತರ ಆಸುಪಾಸಿನವರು, ಕೈಯಲ್ಲಿ ಪ್ಯಾಡು, ಕಣ್ಣಲ್ಲಿ ಆತುರ. ಜೊತೆಗೆ ಟೂರಿಗೆ ಹೊರಟ ಐದು ಜನ ಹಿರಿಯರು. ಅವರಲ್ಲಿ ಗದಗಿನ ಚನ್ನಬಸವ್ವ ಎಂಬ ಎಪ್ಪತ್ತು ದಾಟಿದ ಅಜ್ಜಿ, ಮಗಳ ಮನೆಗೆ ಬಂದಿದ್ದವರು. ಇಳಕಲ್ ಸೀರೆ, ಹಣೆತುಂಬ ವಿಭೂತಿ, ಕಾಲಿಗೆ ಮೊಮ್ಮಗನ ಬಿಳೀ ಕ್ಯಾನ್ವಾಸ್ ಶೂ. ಅವರು ಮುಂದೆ ಹೋದ ಹಾಗೆ ನಾನೂ ಬೆಂಚಿನಿಂದ ಬೆಂಚಿಗೆ ಹೋಗಿ ಕುಳಿತೆ, ಮಾತು ಕೇಳುವಷ್ಟು ದೂರದಲ್ಲಿ.

ಕೃಪಾ ಮೊದಲು ಟಾಯ್ಲೆಟ್ ತೋರಿಸಿದಳು. ಇಬ್ಬರು ಆಗಲೇ ಹೋಗಿ ಬಂದರು. ಆಮೇಲೆ ಕಲ್ಲಿನ ದೀಪದ ಹತ್ತಿರ, ಕೆಂಪು ಸೇತುವೆಯ ಹತ್ತಿರ ನಿಲ್ಲಿಸಿ ನಿಲ್ಲಿಸಿ ಹೇಳುತ್ತಾ ಹೋದಳು. ಚೆನ್ನಾಗಿ ಹೇಳಿದಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಂದು ಸಲ ನಕ್ಕರು. ಬದರಿನಾಥರು ಪ್ಯಾಡಿನಲ್ಲಿ ಏನೋ ಗೀಚಿಕೊಂಡರು. ನಾನು ಬೆಂಚಿಗೆ ಒರಗಿ ಕುಳಿತೆ.

ಒಂದು ಕಡೆ ಬಿದಿರ ಕೊಳವೆಯಿಂದ ಕಲ್ಲಿನ ಬಾನಿಗೆ ನೀರು ಬೀಳುತ್ತಿತ್ತು. ಜಪಾನಿನ ಎಲ್ಲ ದೇವಸ್ಥಾನಗಳ ಮುಂದೆಯೂ ಇಂಥದ್ದು ಇರುತ್ತದೆ, ಮರದ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬಾಯಿ ಮುಕ್ಕಳಿಸಬೇಕು ಎಂದು ಕೃಪಾ ಬರೀ ಅಭಿನಯದಲ್ಲಿ ತೋರಿಸಿದಳು. ತಿರುಗಿ ನೋಡುವುದರೊಳಗೆ ಚನ್ನಬಸವ್ವ ಶೂ ಬಿಚ್ಚಿಟ್ಟು ಬರಿಗಾಲಲ್ಲಿ ಮುಂದೆ ಬಂದು, ಸೆರಗು ತಲೆಗೆ ಹೊದ್ದು, ಬಲಗೈಯನ್ನು ಗುಳಿ ಮಾಡಿ, ಕೆಳಗೆ ಎಡಗೈ ಆನಿಸಿ ಹಿಡಿದು ನಿಂತಿದ್ದರು. ತೀರ್ಥಕ್ಕೆ. ಅವರ ಕಣ್ಣು ಮುಚ್ಚಿತ್ತು.

ಬಾನಿಯ ಮೇಲೆ, ಕೊಳದ ನೀರು, ಕುಡಿಯಬೇಡಿ ಎಂದು ಬೋರ್ಡು ಇತ್ತು. ಬಾಕ್ಸ್ ಹಿಲ್ಲಿನಲ್ಲಿ ನಾವು ಬಿಸ್ಕತ್ತಿಗೆ ತಯಾರಿ ಮಾಡಿದ್ದೆವು, ತೀರ್ಥಕ್ಕೆ ಮಾಡಿರಲಿಲ್ಲ. ಬೇಡ ಎಂದರೆ ಎಲ್ಲರೆದುರು ಆ ಕೈ ಖಾಲಿ ವಾಪಸ್ ಹೋಗಬೇಕು. ಹಾಕಿದರೆ ಅಜ್ಜಿ ಸಂಜೆಗೆ ಆಸ್ಪತ್ರೆ ಸೇರಬೇಕು. ಕೃಪಾ ಒಂದು ಗಳಿಗೆ ಸೌಟು ಹಿಡಿದು ಹಾಗೇ ನಿಂತಳು. ನಾನು ಬೆಂಚಿನಿಂದ ಎದ್ದುಬಿಟ್ಟಿದ್ದೆ.

ಅವಳು ಸೌಟು ಕೆಳಗಿಟ್ಟು, ಬ್ಯಾಗಿನಿಂದ ತನ್ನ ನೀರಿನ ಬಾಟಲಿ ತೆಗೆದಳು. “ಅಜ್ಜಿ, ಇದು ಕೈ ತೊಳಿಯೋ ನೀರು, ಕುಡಿಯೋಕೆ ಆಗಲ್ಲ. ಕುಡಿಯೋದು ನಾನ್ ಹಾಕ್ತೀನಿ, ತಗೊಳಿ,” ಎಂದು ಮೆಲ್ಲಗೆ ಹೇಳಿ ಮೂರು ಸಲ ಹಾಕಿದಳು. ಅಜ್ಜಿ ಮೂರು ಸಲವೂ ಕುಡಿದು, ಉಳಿದ ಹನಿಯನ್ನು ತಲೆಗೆ ಸವರಿಕೊಂಡು, ಆಮೇಲೆ ಸೌಟು ಹಿಡಿದು ಜಪಾನೀ ಕ್ರಮದಲ್ಲಿ ಎಡಗೈ ಬಲಗೈ ತೊಳೆದರು. ಎರಡೂ ಸರಿಯಾಯಿತು ಎಂಬ ತೃಪ್ತಿ ಅವರ ಮುಖದಲ್ಲಿ ಕಾಣಿಸಿತು.

ಬದರಿನಾಥರಿಗೆ ಮಾತ್ರ ಇದು ಹಿಡಿಸಲಿಲ್ಲ. ಅಲ್ಲಿ ಹೀಗೆಲ್ಲ ಮಾಡಿದರೆ ಜನ ಏನೆಂದುಕೊಳ್ಳುತ್ತಾರೆ ಎಂದು ಸಿಡುಕಿದರು. “ನೀವೇ ನಾರಾಗೆ ಎಷ್ಟೋ ಸಲ ಹೋಗಿದೀರಲ್ಲ, ಅಲ್ಲಿ ಇದನ್ನ ಒಪ್ತಾರಾ?” ಎಂದು ಕೇಳಿದರು.

ಕೃಪಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನಾನು ಹೋಗಿಲ್ಲ ಸರ್,” ಎಂದಳು. “ನಾರಾಗಷ್ಟೇ ಅಲ್ಲ, ಜಪಾನಿಗೇ ಹೋಗಿಲ್ಲ.”

ಉಡುಪಿ ರಸ್ತೆಯಲ್ಲಿ ಎದುರಿನಿಂದ ಲಾರಿ ನುಗ್ಗಿ ಬಂದಾಗಲೂ ಬೆದರಿದವನಲ್ಲ ನಾನು, ಆಗ ಬೆದರಿದೆ. ಹತ್ತಿರ ಹೋಗಿ, ಸುಳ್ಳು ಹೇಳಿದ್ದು ನಾನು, ಹುಡುಗಿಗೆ ಗೊತ್ತೇ ಇಲ್ಲ, ಬೈಯುವುದಿದ್ದರೆ ನನಗೆ ಬೈಯಿರಿ ಎಂದೆ. ಬದರಿನಾಥರು ಬೈಯಲಿಲ್ಲ, ಪ್ಯಾಡು ಮುಚ್ಚಿದರು. ಅದು ಬೈಗುಳಕ್ಕಿಂತ ಕಷ್ಟವಾಯಿತು. ಕೃಪಾ ನನ್ನ ಮುಖ ನೋಡಲಿಲ್ಲ. ಕೆಂಪು ಸೇತುವೆಯನ್ನೇ ನೋಡುತ್ತಾ ಕಣ್ಣೀರು ಒರೆಸಿಕೊಂಡಳು.

ಚನ್ನಬಸವ್ವ ಶೂ ಹಾಕಿಕೊಳ್ಳುತ್ತಿದ್ದವರು ತಲೆ ಎತ್ತಿದರು. “ನೀನೂ ನೋಡಿಲ್ಲೇನವಾ? ನಾನೂ ನೋಡಿಲ್ಲ. ಹಂಗಾರ ಇಬ್ರೂ ಕೂಡೇ ನೋಡೂಣು ಬಿಡು,” ಎಂದರು.

ಶುಕ್ರವಾರದೊಳಗೆ ತಿಳಿಸುತ್ತೇನೆ ಎಂದು ಬದರಿನಾಥರು ಹೊರಟುಹೋದರು.

ವಾಪಸ್ ಬರುವಾಗ ನಾನು ನಾಲ್ಕು ಗಂಟೆ ಎಲ್ಲೂ ನಿಲ್ಲಿಸದೆ ಕಾರು ಓಡಿಸಿದೆ. ಪ್ರತೀಕನ ಮನೆಯಲ್ಲಿ ಕಟ್ಟಿಕೊಟ್ಟ ನೀರುದೋಸೆ ಡಬ್ಬದಲ್ಲೇ ಉಳಿಯಿತು. ದಾರಿಯ ನಡುವಿನ ಗಂಡಗೈ ಎಂಬ ಊರು ದಾಟಿದ ಮೇಲೆ ಅವಳು ಕಿಟಕಿಯ ಕಡೆಗೇ ನೋಡುತ್ತಾ ಕೇಳಿದಳು. “ಅಂಕಲ್, ನೀವು ಹಂಗೆ ಹೇಳ್ದೇ ಇದ್ದಿದ್ರೆ ಅವ್ರು ನನ್ನ ಕರೀತಾನೇ ಇರ್ಲಿಲ್ಲ ಅಲ್ವಾ?”

ಹೌದು ಎಂದೆ.

“ಆದ್ರೂ ನೀವು ಹೇಳ್ಬಾರ್ದಿತ್ತು.”

ಅದಕ್ಕೂ ಹೌದು ಎಂದೆ. ಅರವತ್ತು ವರ್ಷದವನು ಇಪ್ಪತ್ತೈದರ ಹುಡುಗಿಯ ಹತ್ತಿರ ಕ್ಷಮೆ ಕೇಳುವುದು ನನಗೆ ಗೊತ್ತಿರಲಿಲ್ಲ, ಅಂದು ಕಲಿತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಡಬ್ಬ ತೆರೆದು ಒಂದು ದೋಸೆ ನನ್ನ ಕೈಗೆ ಕೊಟ್ಟಳು, ತಾನೊಂದು ತಿಂದಳು. ಮನೆಗೆ ಬಂದು ಸುಗುಣಾಳಿಗೆ ಎಲ್ಲ ಹೇಳಿದೆ. ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಶುಕ್ರವಾರ ಸಂಜೆ ಐದರವರೆಗೂ ಫೋನ್ ಇಲ್ಲ. ಕೃಪಾ ಸೂಟ್‌ಕೇಸು ಕೆಳಗಿಳಿಸಿ ಧೂಳು ಒರೆಸುತ್ತಿದ್ದಳು. ಐದೂಕಾಲಿಗೆ ಬಂತು. ಅವಳ ಕೈಯೆಲ್ಲ ಧೂಳಾಗಿದ್ದ ಕಾರಣ ಸ್ಪೀಕರಿಗೆ ಹಾಕಿದೆ. ಬದರಿನಾಥರು ಐದು ಜನರನ್ನೂ ಕೇಳಿ ನೋಡಿದರಂತೆ. ಮೊದಲಿನವನಿಗೆ ಎಲ್ಲ ಗೊತ್ತಿದೆ, ಆದರೆ ಅವನು ನಮ್ಮನ್ನು ನೋಡಲೇ ಇಲ್ಲ ಎಂದು ನಾಲ್ವರು ಹೇಳಿದರಂತೆ. ಐದನೆಯವರು, ಟಾಯ್ಲೆಟ್ ತೋರಿಸಿದ ಹುಡುಗಿಯೇ ಇರಲಿ ಎಂದರಂತೆ. ತನಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ, ಆದರೆ ಕೆಲಸ ಹೋಗುತ್ತದೆಂದು ಗೊತ್ತಿದ್ದೂ ನಿಜ ಹೇಳಿದವಳ ಕೈಗೆ ಹಿರಿಯರನ್ನು ಒಪ್ಪಿಸಬಹುದು, ಸ್ಪಾನ್ಸರ್ ಪೇಪರು ಕಳಿಸುತ್ತೇನೆ ಎಂದರು. ಕೊನೆಗೆ, ರೆಫರೆನ್ಸ್ ಮಾತ್ರ ಬೇರೆಯವರದು ಕೊಡಿ ಎಂದು ಸೇರಿಸಿದರು. ನನಗೆ ತಾಗಿತು. ತಾಗಬೇಕಾದದ್ದೇ.

ನವೆಂಬರಿನ ಟೂರಿಗೆ ಇನ್ನೂ ಎರಡು ಸೀಟು ಖಾಲಿ ಇದ್ದವು. ಸುಗುಣಾ ನನ್ನನ್ನು ಕೇಳದೆಯೇ ಬುಕ್ ಮಾಡಿದಳು.

ಜೀವಮಾನದಲ್ಲಿ ಮೊದಲ ಸಲ ಟೂರಿಸ್ಟ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ನಾನು ಕ್ಯೋಟೋದಿಂದ ನಾರಾಕ್ಕೆ ಹೋದೆ. ಆ ಜಪಾನೀ ಡ್ರೈವರಿನ ಬ್ರೇಕು ಹಿಡಿಯುವ ಕ್ರಮದಲ್ಲಿ ಒಂದೂ ತಪ್ಪು ಸಿಗದೆ ನನಗೆ ಬೇಸರವಾಯಿತು. ಕೃಪಾ ಹಳದಿ ಬಾವುಟ ಹಿಡಿದು ಮುಂದೆ ನಡೆದಳು. ಮರಗಳೆಲ್ಲ ಕೆಂಪಾಗಿದ್ದವು. ಜಿಂಕೆ ಬಿಸ್ಕತ್ತು ಕೊಡುವಾಗ ಇದು ಪ್ರಸಾದ ಅಲ್ಲ ಎಂದು ಮೂರು ಸಲ ಹೇಳಿ ಕೊಟ್ಟಳು. ಆದರೂ ಇಬ್ಬರು ತಿಂದರು. ಜಿಂಕೆಯೊಂದು ಚನ್ನಬಸವ್ವನಿಗೆ ತಲೆ ಬಾಗಿಸಿತು, ಅವರು ತಿರುಗಿ ಅದಕ್ಕೆ ಶರಣು ಎಂದರು. ಅಡುಗೆಯವನು ಈರುಳ್ಳಿ ಹೆಚ್ಚುತ್ತಾ ಹೇಳಿದ್ದನ್ನೆಲ್ಲ ಅವಳು ದಾರಿಯುದ್ದಕ್ಕೂ ಹೇಳುತ್ತಾ ಬಂದಳು. ಎಲ್ಲಿ ಮೆಟ್ಟಿಲು, ಎಲ್ಲಿ ಕೂರಲು ಬೆಂಚು, ಎಲ್ಲವೂ ಅವಳ ಬಾಯಲ್ಲಿತ್ತು.

ಬುದ್ಧನಿರುವ ತೋದಾಯ್‌ಜಿ ಎಂಬ ಆ ದೊಡ್ಡ ಮರದ ಗುಡಿಯ ಹೊಸ್ತಿಲು ದಾಟಿ, ಇವಳು ನಮ್ಮ ಕಡೆ ಮುಖ ಮಾಡಿ ಹಿಮ್ಮುಖ ನಡೆಯುತ್ತಲೇ, ಈಗ ನಿಮ್ಮ ಮುಂದೆ, ಎಂದು ಶುರು ಮಾಡಿ ತಾನೂ ತಿರುಗಿದಳು. ಅಷ್ಟೆ. ಮಾತು ನಿಂತಿತು.

ನಾನೂ ತಲೆ ಎತ್ತಿದೆ. ಅದನ್ನು ಹೇಳಲು ನನಗೆ ಬರುವುದಿಲ್ಲ. ನಮ್ಮ ಯೂಕಲಿಪ್ಟಸ್ ಮರ ಅದರ ಹತ್ತಿರಕ್ಕೂ ಬರುವುದಿಲ್ಲ ಎಂದು ಮಾತ್ರ ಹೇಳಬಲ್ಲೆ.

ಕೃಪಾಳ ಕೈಯ ಬಾವುಟ ಕೆಳಗಿಳಿದು ನೆಲಕ್ಕೆ ತಾಗುತ್ತಿತ್ತು. ಬಾಯಿ ತುಸು ತೆರೆದಿತ್ತು. ಹದಿನೈದು ಮೀಟರನ್ನೂ ಇಸವಿಯನ್ನೂ ಬಾಯಿಪಾಠ ಮಾಡಿದ್ದ ಹುಡುಗಿ, ನಮ್ಮ ಹಿಂದಿನ ರೂಮಿನ ಹುಡುಗಿ, ಹನ್ನೆರಡು ಜನ ತನ್ನ ಹಿಂದೆ ಇದ್ದಾರೆಂಬುದನ್ನೇ ಮರೆತು ನಿಂತಿದ್ದಳು. ಅವಳ ಪಕ್ಕಕ್ಕೆ ಹೋದ ಚನ್ನಬಸವ್ವ ಅವಳ ಕೈ ಹಿಡಿದುಕೊಂಡರು.

ನನ್ನ ಹಿಂದಿದ್ದ ಒಬ್ಬರು, ಏನ್ರೀ, ಗೈಡ್ ಏನೂ ಹೇಳ್ತಾನೇ ಇಲ್ಲ ಎಂದು ಗೊಣಗಿದರು. ಹತ್ತೊಂಬತ್ತು ವರ್ಷ ಗೈಡುಗಳನ್ನು ಬೈದವನು ನಾನು. ತಿರುಗಿ ಅವರ ತೋಳು ಹಿಡಿದೆ.

“ಸ್ವಲ್ಪ ತಡೆಯಿರಿ ಮಾರಾಯ್ರೆ,” ಎಂದೆ. “ಅವಳು ನೋಡ್ತಾ ಇದ್ದಾಳೆ.”